ಗೇಜಿನಲ್ಲಿ ಫುಲ್, ಚೇಂಬರಿನಲ್ಲಿ ಮುಕ್ಕಾಲು ಲೀಟರ್ ಹೆಚ್ಚು: ಕೆರೆ ದೋಣಿಯೊಂದರ ಆಯಿಲ್ ಬದಲಾವಣೆ

ಕೈಪಿಡಿಯ ಪ್ರಕಾರ ಫಿಲ್ಟರ್ ಸೇರಿ 5 ಲೀಟರ್ ಹಿಡಿಯುವ ಎಂಜಿನ್. ಹಾಕಿದ ಹೊಸ ಆಯಿಲ್ 4.3 ಲೀಟರ್. ಗೇಜ್ ಕಡ್ಡಿ ಎಳೆದು ನೋಡಿದರೆ ಎಣ್ಣೆ ಮೇಲಿನ ಗೆರೆಗೆ ಸರಿಯಾಗಿ ನಿಂತಿತ್ತು, ಕೂದಲೆಳೆಯಷ್ಟೂ ಹೆಚ್ಚಿಲ್ಲ. ಇಷ್ಟಿದ್ದೂ ಎರಡನೇ ದಿನ ಎಂಜಿನ್ ನೀಲಿ ಹೊಗೆ ಕಾರತೊಡಗಿತು. ಮೂರನೇ ದಿನ, ಒಳಗಿನ ಆವಿ ಹೊರಬಿಡುವ ಬ್ರೀದರ್ ಪೈಪಿನಿಂದ ಎಣ್ಣೆ ಉಗುಳಿತು. ಅದೇ ಸಂಜೆ ಕೆರೆಯ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಾಣಿಸಿಕೊಂಡಿತು. ತುಂಬಿದ್ದು ಕಡಿಮೆ, ಕಡ್ಡಿ ತೋರಿಸಿದ್ದು ಸರಿ, ಒಳಗಿದ್ದದ್ದು ಹೆಚ್ಚು. ಈ ಮೂರೂ ಒಟ್ಟಿಗೆ ನಿಜವಾಗಿದ್ದು ಹೇಗೆ ಎಂಬುದೇ ಈ ಪ್ರಕರಣ.

ದೋಣಿ, ಎಂಜಿನ್, ಓರೆ

ಬೆಂಗಳೂರಿನ ಪೂರ್ವ ಭಾಗದ ಒಂದು ಕೆರೆ. ಜಲಕಳೆ ತೆಗೆಯಲು ಅಲ್ಲಿರುವುದು ಪಕ್ಕದಲ್ಲಿ ಚಕ್ರ ತಿರುಗುವ ದೊಡ್ಡ ಯಂತ್ರವಲ್ಲ. ಮೂತಿಗೆ ಕಬ್ಬಿಣದ ಕುಂಟೆ ಕಟ್ಟಿಕೊಂಡು ಕಳೆಯ ರಾಶಿಯನ್ನು ದಡಕ್ಕೆ ತಳ್ಳುವ ಆರು ಮೀಟರಿನ ಚಪ್ಪಟೆ ತಳದ ದೋಣಿ. ಒಳಗೆ ಸುಮಾರು 20 ಎಚ್‌ಪಿಯ ಎರಡು ಸಿಲಿಂಡರ್ ಡೀಸೆಲ್ ಎಂಜಿನ್, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲ. ಮೂಲದಲ್ಲಿ ನೆಲದ ಮೇಲೆ ಸಮತಟ್ಟಾಗಿ ಕೂರಲೆಂದು ಮಾಡಿದ್ದನ್ನು ಗೇರ್‌ಬಾಕ್ಸ್, ಕೆರೆ ನೀರಿನಿಂದ ಎಂಜಿನ್ ತಣಿಸುವ ಹೀಟ್ ಎಕ್ಸ್‌ಚೇಂಜರ್ ಜೋಡಿಸಿ ದೋಣಿಗೆ ಹೊಂದಿಸಲಾಗಿದೆ. ಸಣ್ಣ ದೋಣಿಗಳಲ್ಲಿ ಇದು ಸಾಮಾನ್ಯ, ತಪ್ಪೂ ಅಲ್ಲ. ಆದರೆ ಪ್ರೊಪೆಲ್ಲರ್ ನೀರಿನೊಳಗೆ ಕೆಳಗಿರುತ್ತದೆ, ಎಂಜಿನ್ ದೋಣಿಯ ತಳದ ಮೇಲಿರುತ್ತದೆ. ಎರಡಕ್ಕೂ ನಡುವಿನ ಶಾಫ್ಟ್ ಇಳಿಜಾರಾಗಲೇಬೇಕು, ಅದರ ಜೊತೆಗೆ ಎಂಜಿನ್ನೂ. ಇಲ್ಲಿ ಆ ಓರೆ 7 ಡಿಗ್ರಿ: ಗೇರ್‌ಬಾಕ್ಸ್ ಬದಿ ತಗ್ಗು, ಫ್ಯಾನ್‌ಬೆಲ್ಟ್ ಬದಿ ಎತ್ತರ.

ಎಂಜಿನ್ನಿನ ಕೆಳಗೆ ಎಣ್ಣೆ ನಿಲ್ಲುವ ತೊಟ್ಟಿಗೆ ಪುಸ್ತಕದ ಹೆಸರು ಸಂಪ್. ಬೆಂಗಳೂರಿನಲ್ಲಿ ಸಂಪ್ ಎಂದರೆ ಮನೆ ಮುಂದಿನ ನೀರಿನ ತೊಟ್ಟಿಯೇ ಕಣ್ಣಿಗೆ ಬರುತ್ತದೆ. ಆದ್ದರಿಂದ ಗ್ಯಾರೇಜಿನವರ ‘ಚೇಂಬರ್’ ಇರಲಿ. ಈ ಎಂಜಿನ್ನಿನ ಚೇಂಬರ್ 360 ಮಿ.ಮೀ. ಉದ್ದ, 160 ಮಿ.ಮೀ. ಅಗಲ, ತಳ ಚಪ್ಪಟೆ. ಚೇಂಬರಿಗೆ 4.5 ಲೀಟರ್, ಫಿಲ್ಟರಿಗೆ ಅರ್ಧ ಲೀಟರ್. ಉದ್ದ ಅಗಲ ಗುಣಿಸಿದರೆ ಎಣ್ಣೆಯ ಮಟ್ಟ 1 ಮಿ.ಮೀ. ಏರಲು ಸುಮಾರು 58 ಮಿ.ಲೀ. ಬೇಕು. ಕಡ್ಡಿಯ ಮೇಲಿನ ಎರಡು ಗೆರೆಗಳ ಅಂತರ 18 ಮಿ.ಮೀ., ಅಂದರೆ ಒಂದು ಲೀಟರಿಗೆ ತುಸು ಹೆಚ್ಚು. ಕಡ್ಡಿ ಇಳಿಯುವ ಜಾಗ ಚೇಂಬರಿನ ನಟ್ಟನಡುವೆ ಇಲ್ಲ. ನಡುವಿನಿಂದ 110 ಮಿ.ಮೀ. ಮುಂದೆ, ಎತ್ತರದ ಬದಿಯಲ್ಲಿದೆ. ಈ 110ನ್ನು ನೆನಪಿಟ್ಟುಕೊಳ್ಳಿ.

ಆಯಿಲ್ ಬದಲಿಸಿದ ಬೆಳಗ್ಗೆ

ಹೊಸ ಎಂಜಿನ್ನಿನ ಮೊದಲ 50 ಗಂಟೆ ಮುಗಿದಿತ್ತು. ಈ ಮೊದಲ ಬದಲಾವಣೆಯನ್ನು ಮುಂದೂಡಬಾರದು. ಪಿಸ್ಟನ್ನಿನ ಹೊಸ ರಿಂಗು, ಬೇರಿಂಗು ಸವೆದು ಕೂಡಿಕೊಳ್ಳುವಾಗ ಉದುರುವ ಲೋಹದ ಪುಡಿಯೆಲ್ಲ ಆ ಎಣ್ಣೆಯಲ್ಲೇ ಇರುತ್ತದೆ. ದೋಣಿ ನಡೆಸುವವರು ಬೇರೆಯವರನ್ನು ಕರೆಯದೆ ತಾವೇ ಕೈಹಾಕಿದ್ದು ಸರಿಯೇ. ಕೆಲಸ ಕಷ್ಟದ್ದಲ್ಲ, ಸಾಮಾನು ಎಲ್ಲವೂ ಊರಿನಲ್ಲೇ ಸಿಗುತ್ತದೆ. ಫಿಲ್ಟರ್ ಜೆ.ಸಿ. ರಸ್ತೆಯಲ್ಲಿ, ಕೈಪಂಪು, ನೈಲಾನ್ ಟ್ಯೂಬು ಎಸ್.ಪಿ. ರಸ್ತೆಯಲ್ಲಿ.

ತಂದ ಆಯಿಲ್ 15ಡಬ್ಲ್ಯೂ-40, ಸಿಐ-4 ದರ್ಜೆ (ಮೊದಲನೆಯದು ಎಣ್ಣೆಯ ಗಟ್ಟಿತನ, ಎರಡನೆಯದು ಡೀಸೆಲ್ ಎಂಜಿನ್ ಎಣ್ಣೆಯ ಗುಣಮಟ್ಟ). ಅದೂ ಸರಿ. ಜನವರಿಯ ಬೆಳಗಿನ ಚಳಿಯಿಂದ ಏಪ್ರಿಲ್ಲಿನ ಮಧ್ಯಾಹ್ನದವರೆಗೆ ಬೆಂಗಳೂರಿನ ಹವೆಗೆ ಇದಕ್ಕಿಂತ ಗಟ್ಟಿ ಎಣ್ಣೆ ಬೇಡ. ‘ಬಿಸಿಲಿಗೆ 20ಡಬ್ಲ್ಯೂ-50 ಹಾಕಿ’ ಎಂಬ ಅಂಗಡಿ ಸಲಹೆಯನ್ನು, ಕೈಪಿಡಿ ಒಪ್ಪದ ಹೊರತು, ಕೇಳಬೇಕಿಲ್ಲ.

ದೋಣಿಯಲ್ಲಿ ಚೇಂಬರಿನ ಕೆಳಗೆ ಬಕೆಟ್ ಇಡುವಷ್ಟು ಜಾಗ ಇರುವುದಿಲ್ಲ. ಇಲ್ಲಿ ಇದ್ದದ್ದು 45 ಮಿ.ಮೀ. ಸಂದು. ಹಾಗಾಗಿ ಡ್ರೈನ್ ಬೋಲ್ಟ್ ಬಿಚ್ಚುವ ಬದಲು ಕಡ್ಡಿಯ ಕೊಳವೆಯೊಳಗೆ 6 ಮಿ.ಮೀ. ಟ್ಯೂಬು ಇಳಿಬಿಟ್ಟು ಕೈಪಂಪಿನಿಂದ ಎಳೆಯುವುದು ವಾಡಿಕೆ. ಅವರೂ ಅದನ್ನೇ ಮಾಡಿದರು. ಬೆಳಗ್ಗೆ ಆರೂವರೆ, ಎಂಜಿನ್ ರಾತ್ರಿಯಿಡೀ ತಣ್ಣಗೆ ನಿಂತಿತ್ತು. ನಲವತ್ತು ನಿಮಿಷ ಪಂಪು ಹೊಡೆದ ಮೇಲೆ ಟ್ಯೂಬು ಗೊರಗೊರ ಸದ್ದು ಮಾಡಿ ಗಾಳಿ ಎಳೆಯಿತು. ಖಾಲಿಯಾಯಿತು ಎಂದುಕೊಂಡರು. ಹಳೆ ಎಣ್ಣೆಯನ್ನು ಖಾಲಿ ಕ್ಯಾನಿಗೆ ಸುರಿದು ಮುಚ್ಚಳ ಹಾಕಿ ಮೂಲೆಗಿಟ್ಟರು. ಫಿಲ್ಟರ್ ಬದಲಿಸಿ ಹೊಸ ಎಣ್ಣೆ ಹೊಯ್ಯುತ್ತ, ನಡುನಡುವೆ ಕಡ್ಡಿ ನೋಡುತ್ತ, ಮೇಲಿನ ಗೆರೆ ಮುಟ್ಟಿದಾಗ ನಿಲ್ಲಿಸಿದರು. ಎರಡು ನಿಮಿಷ ಓಡಿಸಿ, ಆರಿಸಿ, ಮತ್ತೆ ನೋಡಿ ಅಷ್ಟಿಷ್ಟು ಸೇರಿಸಿದರು. ಒಟ್ಟು 4.3 ಲೀಟರ್ ಎಂದು ಪುಸ್ತಕದಲ್ಲಿ ಬರೆದರು.

ಹೊರಬಂದದ್ದು ಎಷ್ಟು ಎಂದು ಮಾತ್ರ ಬರೆಯಲಿಲ್ಲ.

ಹೊಗೆ, ನೊರೆ, ಪೊರೆ

ಮೊದಲ ದಿನವೇ ಹೊಗೆ ಬಂದಿದ್ದರೂ ಯಾರೂ ಗಮನಿಸದೇ ಇದ್ದದ್ದಕ್ಕೆ ಕಾರಣವಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಗಾಳಿ ಹತ್ತಿರ ಹತ್ತಿರ ಶೇಕಡಾ 10ರಷ್ಟು ತೆಳು. ಡೀಸೆಲ್ ಪಂಪನ್ನು ಕರಾವಳಿಯ ಗಾಳಿಗೆ ಹೊಂದಿಸಿದ, ಟರ್ಬೊ ಇಲ್ಲದ ಎಂಜಿನ್ ಇಲ್ಲಿ ಪೂರಾ ಭಾರ ಬಿದ್ದಾಗ ಒಂದಿಷ್ಟು ಕಪ್ಪು ಹೊಗೆ ಬಿಡುತ್ತದೆ. ಈ ದೋಣಿ ಮೊದಲ ದಿನದಿಂದಲೂ ಬಿಡುತ್ತಿತ್ತು. ಹೊಗೆ ಎಂದರೆ ಮಾಮೂಲು ಎಂದು ಕಣ್ಣಿಗೆ ರೂಢಿಯಾಗಿತ್ತು. ಬಣ್ಣ ಕಪ್ಪಿನಿಂದ ನೀಲಿಗೆ ತಿರುಗಿದ್ದು ಎರಡನೇ ದಿನ ಬಿಸಿಲೇರಿದ ಮೇಲೆ ಗೊತ್ತಾಯಿತು. ಕಪ್ಪು ಹೊಗೆ ಪೂರ್ತಿ ಉರಿಯದ ಡೀಸೆಲ್ಲಿನದು, ನೀಲಿ ಉರಿಯುತ್ತಿರುವ ಎಂಜಿನ್ ಎಣ್ಣೆಯದು. ತಣ್ಣಗಿನ ಎಂಜಿನ್ ಶುರುವಾದಾಗ ಬರುವ ಬಿಳಿ ಹೊಗೆ ಉರಿಯದೆ ಹೊರಬಿದ್ದ ಡೀಸೆಲ್ ಹನಿಗಳದು.

ಮೂರನೇ ದಿನ ಅರ್ಧ ಗಂಟೆ ಕೆಲಸವಾದ ಮೇಲೆ ಆಯಿಲ್ ಪ್ರೆಶರ್ ಮುಳ್ಳು ನಡುಗತೊಡಗಿತು. ಏರ್ ಫಿಲ್ಟರ್ ಬಿಚ್ಚಿದರೆ ಕಾಗದ ಎಣ್ಣೆಯಲ್ಲಿ ತೊಯ್ದಿತ್ತು. ಕಡ್ಡಿಯ ಮೇಲೆ ಎಣ್ಣೆಯ ಜೊತೆಗೆ ಕಾಫಿ ಬಣ್ಣದ ಸಣ್ಣ ಗುಳ್ಳೆಗಳಿದ್ದವು. ಕರೆಸಿದ ಮೆಕ್ಯಾನಿಕ್ ಬಂದು, ಹೊಗೆ ನೋಡಿ, ಎರಡೇ ಮಾತಿನಲ್ಲಿ ಮುಗಿಸಿದರು.

‘ರಿಂಗ್ ಹೋಗಿದೆ ಅಣ್ಣ. ಹೆಡ್ ಎತ್ತಿ ಬೋರ್ ನೋಡ್ಬೇಕು.’

‘50 ಗಂಟೆ ಓಡಿರೋ ಎಂಜಿನ್ನಿಗೆ ರಿಂಗಾ?’

‘ಆಯಿಲ್ ಲೆವೆಲ್ ಕರೆಕ್ಟಾಗಿದೆಯಲ್ಲ ಅಣ್ಣ. ಮತ್ತೆ ನೀಲಿ ಹೊಗೆ ಇನ್ನೆಲ್ಲಿಂದ ಬರುತ್ತೆ?’

ರಿಂಗುಗಳು ಪಿಸ್ಟನ್ ಸುತ್ತ ಕೂತು ಸಿಲಿಂಡರ್ ಗೋಡೆಯ ಎಣ್ಣೆಯನ್ನು ಬಾಚುತ್ತವೆ; ಹೆಡ್ ಎತ್ತುವುದೆಂದರೆ ಎಂಜಿನ್ನಿನ ಮೇಲ್ಭಾಗವನ್ನೇ ಬಿಚ್ಚುವುದು. ತರ್ಕ ಗಟ್ಟಿಯೇ. ಮಟ್ಟ ಸರಿಯಿದೆ ಎಂಬ ಮೊದಲ ಮಾತು ತಪ್ಪಾಗಿತ್ತು, ಅಷ್ಟೆ.

ಇಲ್ಲಿ ಒಂದು ಎಚ್ಚರಿಕೆ. ಬ್ರೀದರ್ ಪೈಪ್ ಏರ್ ಫಿಲ್ಟರಿಗೇ ಸೇರುವ ಎಂಜಿನ್ನಿನಲ್ಲಿ ಎಣ್ಣೆ ಅತಿಯಾಗಿ ಉಕ್ಕಿದರೆ ಎಂಜಿನ್ ತನ್ನ ಎಣ್ಣೆಯನ್ನೇ ಎಳೆದುಕೊಂಡು ಉರಿಸುತ್ತ ವೇಗ ಏರಿಸಿಕೊಳ್ಳಬಹುದು. ಆಗ ಡೀಸೆಲ್ ಬಂದ್ ಮಾಡಿದರೂ ನಿಲ್ಲುವುದಿಲ್ಲ. ಗಾಳಿ ಬಂದ್ ಮಾಡಬೇಕು: ಗಾಳಿ ಒಳಹೋಗುವ ಬಾಯಿಗೆ ದಪ್ಪ ಹಲಗೆಯ ತುಂಡು ಒತ್ತಬೇಕು. ಕೈ ಒಡ್ಡಬಾರದು, ಬಟ್ಟೆಯನ್ನೂ ಬೇಡ, ಒಳಗೆಳೆದುಕೊಳ್ಳುತ್ತದೆ. ಈ ದೋಣಿಯಲ್ಲಿ ವಿಷಯ ಅಲ್ಲಿಗೆ ಹೋಗಲಿಲ್ಲ. ನೀಲಿ ಹೊಗೆ ಕಂಡ ಕೂಡಲೇ ಕೆಲಸ ನಿಲ್ಲಿಸಬೇಕಿತ್ತು. ಇನ್ನೊಂದು ದಿನ ಓಡಿಸಿದ್ದು ಅದೃಷ್ಟದ ಮೇಲೆ.

ಕೆರೆಗೆ ಎಣ್ಣೆ ಹೋದ ದಾರಿ ಬೇರೆ. ಬ್ರೀದರಿನಿಂದ ಚೆಲ್ಲಿದ ಎಣ್ಣೆ ದೋಣಿಯ ತಳಕ್ಕೆ ಇಳಿಯಿತು. ತಳದಲ್ಲಿ ಸೋರಿ ನಿಂತ ನೀರನ್ನು ಎತ್ತಿ ಹೊರಚೆಲ್ಲುವ ಬಿಲ್ಜ್ ಪಂಪ್ ತೇಲುವ ಸ್ವಿಚ್ಚಿನಿಂದ ತಾನಾಗಿ ಓಡುತ್ತದೆ. ನೀರು, ಎಣ್ಣೆ ಎಂಬ ಭೇದ ಅದಕ್ಕಿಲ್ಲ. ಎಂಜಿನ್ ಎಣ್ಣೆಗೆ ಕೈಹಾಕುವ ಮುಂಚೆ ಈ ಸ್ವಿಚ್ಚನ್ನು ಆಫ್ ಮಾಡಿ, ಕೆಲಸ ಮುಗಿದು ತಳ ಒರೆಸಿದ ಮೇಲೆ ಆನ್ ಮಾಡಬೇಕು. ದೋಣಿಯ ಆಯಿಲ್ ಚೇಂಜ್ ಲಾರಿಯದರಿಂದ ಬೇರೆಯಾಗುವ ಮೊದಲ ಜಾಗ ಇದು.

ಹೆಡ್ ಎತ್ತುವ ಮುಂಚೆ ನೋಡಿದ್ದು

ಚೇಂಬರಿನಲ್ಲಿ ಎಣ್ಣೆ ಹೆಚ್ಚಾದಂತೆ ವರ್ತಿಸುವ ಎಂಜಿನ್ನಿಗೆ ಮೂರು ಸಾಧ್ಯತೆ: ಎಣ್ಣೆಗೆ ನೀರು ಸೇರಿರಬೇಕು, ಡೀಸೆಲ್ ಸೇರಿರಬೇಕು, ಇಲ್ಲವೇ ಎಣ್ಣೆಯೇ ಹೆಚ್ಚಿರಬೇಕು.

ನೀರಿಗೆ ತವಾ ಸಾಕು. ಚೆನ್ನಾಗಿ ಕಾದ ಹಳೆ ತವಾ ಮೇಲೆ, ಬಯಲಿನಲ್ಲಿ, ಒಂದು ಹನಿ ಬಿಡಬೇಕು. ನೀರಿದ್ದರೆ ಒಗ್ಗರಣೆಯ ಸಾಸಿವೆಯಂತೆ ಚಟಪಟ ಅನ್ನುತ್ತದೆ. ಇಲ್ಲಿ ಸದ್ದಿಲ್ಲದೆ ಹೊಗೆಯಾಡಿತು. ಎಂಜಿನ್ ತಣಿಸುವ ಕೂಲೆಂಟಿನ ಮಟ್ಟವೂ ಇಳಿದಿರಲಿಲ್ಲ. ಕೆರೆ ನೀರಿನ ಪಂಪ್ ಎಂಜಿನ್ನಿನ ಗೇರಿಗೇ ಕೂತಿರುವ ಕಡೆ ಅದರ ಸೀಲ್ ಹೋದರೂ ನೀರು ಎಣ್ಣೆಗೆ ಬರಬಹುದು. ಆದರೆ ಹಾಗೆ ಸೋರಿದ ನೀರು ತೊಟ್ಟಿಕ್ಕುವ, ಪಂಪಿನ ಕೆಳಗಿನ ಸಣ್ಣ ತೂತು ಒಣಗಿತ್ತು. ಡೀಸೆಲ್ಲಿಗೆ ಮೂಗೂ ಬ್ಲಾಟಿಂಗ್ ಪೇಪರೂ. ಹನಿ ಹರಡಿದಾಗ ಕಪ್ಪು ಚುಕ್ಕೆಯ ಹೊರಗೆ ತಿಳಿ ಬಣ್ಣದ ಅಗಲ ಉಂಗುರ ಮೂಡಿದರೆ ಡೀಸೆಲ್ ಬೆರೆತಿದೆ ಎಂದು ಅನುಮಾನಿಸಬೇಕು. ಮೂಡಲಿಲ್ಲ. ರಿಂಗಿಗೆ: ಎಂಜಿನ್ ನಿಧಾನಕ್ಕೆ ಓಡುವಾಗ ಎಣ್ಣೆ ಹಾಕುವ ಮುಚ್ಚಳ ತೆಗೆದು ಅದರ ಮೇಲೇ ಬೋರಲಿಟ್ಟರೆ, ರಿಂಗ್ ಹೋದ ಎಂಜಿನ್ ಅದನ್ನು ಕುಣಿಸುತ್ತದೆ, ಎಸೆಯುತ್ತದೆ. ಇಲ್ಲಿ ಸುಮ್ಮನೆ ಅದುರಿತು.

ಉಳಿದದ್ದು ಎಣ್ಣೆಯೇ ಹೆಚ್ಚಿರುವುದು. ಆದರೆ ಕಡ್ಡಿ ಇಲ್ಲ ಅನ್ನುತ್ತಿತ್ತು.

ಗಂಟು ಬಿಚ್ಚಿದ್ದು ಮೂಲೆಯಲ್ಲಿದ್ದ ಕ್ಯಾನು. ಹಳೆ ಎಣ್ಣೆಯನ್ನು ಒಂದು ಲೀಟರಿನ ನೀರಿನ ಬಾಟಲಿಗಳಲ್ಲಿ ಅಳೆದರು. ಮೂರು ಬಾಟಲಿ ತುಂಬಿ, ನಾಲ್ಕನೆಯದರ ತಳದಲ್ಲಿ ಎರಡು ಬೆರಳಷ್ಟು. 3.1 ಲೀಟರ್. ಹಳೆ ಫಿಲ್ಟರನ್ನು ಬೋರಲಾಗಿ ರಾತ್ರಿಯಿಡೀ ಇಟ್ಟಿದ್ದರಿಂದ ಇನ್ನೊಂದು 0.4. ದೋಣಿ ಕಟ್ಟಿದವರು ಮೊದಲು ತುಂಬಿದ್ದು ಅಳತೆ ಮಾಡಿದ 5 ಲೀಟರ್. ಅಂದರೆ ಒಂದೂವರೆ ಲೀಟರ್ ಹಳೆ ಎಣ್ಣೆ ಒಳಗೇ ಉಳಿದಿತ್ತು. ಅದರ ಮೇಲೆ 4.3 ಬಿದ್ದು, ಎಂಜಿನ್ನಿನಲ್ಲಿ 5.8 ಲೀಟರ್ ಆಗಿತ್ತು.

ಆ ಒಂದೂವರೆ ಲೀಟರ್ ಎಲ್ಲಿ ಅಡಗಿತ್ತು

ಓರೆ ಇಟ್ಟ ತಟ್ಟೆಯಲ್ಲಿ ಸಾರು ತಗ್ಗಿಗೆ ಸೇರಿಕೊಳ್ಳುವ ಹಾಗೆ, ಎಣ್ಣೆ ಚೇಂಬರಿನ ಹಿಂದಿನ ಮೂಲೆಗೆ ಸೇರುತ್ತದೆ. ಟ್ಯೂಬು ಇಳಿದದ್ದು ಎತ್ತರದ ಬದಿಯಲ್ಲಿ. ಆ ಜಾಗದಲ್ಲಿ ಎಣ್ಣೆ ಪೂರಾ ಮುಗಿದು ಗಾಳಿ ಎಳೆಯುವ ಹೊತ್ತಿಗೂ ಹಿಂದೆ ಬೆಣೆಯಾಕಾರದಲ್ಲಿ ಎಣ್ಣೆ ನಿಂತಿರುತ್ತದೆ: ಉದ್ದ 290 ಮಿ.ಮೀ., ಕೊನೆಯಲ್ಲಿ ಆಳ ಸುಮಾರು 36 ಮಿ.ಮೀ., ಅಗಲ 160. ಲೆಕ್ಕಕ್ಕೆ 0.83 ಲೀಟರ್. ಟ್ಯೂಬಿನ ತುದಿ ತಳ ಮುಟ್ಟದೆ 8 ಮಿ.ಮೀ. ಮೇಲೆ ನಿಂತಿದ್ದರಿಂದ ಇನ್ನೂ 0.41. ಉಳಿದದ್ದು ತಣ್ಣಗಿನ ಎಂಜಿನ್ನಿನ ಗೋಡೆಗೆ, ಒಳದಾರಿಗಳಿಗೆ ಅಂಟಿದ್ದು. ಕೂಡಿಸಿದರೆ ಒಂದೂವರೆ.

ತಣ್ಣಗೆ ಎಳೆದದ್ದರ ದಂಡ ಹೊತ್ತಿನ ಲೆಕ್ಕದಲ್ಲೂ ಬಿತ್ತು. 15ಡಬ್ಲ್ಯೂ-40 ಎಣ್ಣೆಯ ಸ್ನಿಗ್ಧತೆ, ಅಂದರೆ ಹರಿಯಲು ಅದು ಒಡ್ಡುವ ತಡೆ, 20 ಡಿಗ್ರಿಯಲ್ಲಿ 300 ಸೆಂಟಿಸ್ಟೋಕ್ಸ್‌ನ ಆಸುಪಾಸು, 70 ಡಿಗ್ರಿಯಲ್ಲಿ ಮೂವತ್ತರ ಆಸುಪಾಸು. ಸಣ್ಣ ಟ್ಯೂಬಿನಲ್ಲಿ ಹರಿವು ಇದಕ್ಕೆ ತಕ್ಕಂತೆ ಹತ್ತು ಪಟ್ಟು ಬದಲಾಗುತ್ತದೆ. ಬಿಸಿ ಎಣ್ಣೆಯಾಗಿದ್ದರೆ ಐದಾರು ನಿಮಿಷದ ಕೆಲಸ. ಜೊತೆಗೆ, ರಾತ್ರಿಯಿಡೀ ನಿಂತ ಎಂಜಿನ್ನಿನಲ್ಲಿ ಕೆಸರು, ಲೋಹದ ಪುಡಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿ ಎಣ್ಣೆ ಮಾತ್ರ ಹೊರಬರುತ್ತದೆ. ಮೊದಲ ಬದಲಾವಣೆಯ ಉದ್ದೇಶವೇ ಆ ಪುಡಿಯನ್ನು ತೆಗೆಯುವುದಾಗಿತ್ತು.

ಇನ್ನು ಕಡ್ಡಿ. ಅದರ ಗೆರೆ ಸಮತಟ್ಟಾದ ಎಂಜಿನ್ನಿಗೆ ಹಾಕಿದ್ದು. 7 ಡಿಗ್ರಿ ಓರೆಯಲ್ಲಿ, ನಡುವಿನಿಂದ 110 ಮಿ.ಮೀ. ಮುಂದೆ, ಎಣ್ಣೆಯ ಮಟ್ಟ 13.5 ಮಿ.ಮೀ. ಕೆಳಗೆ ಕಾಣುತ್ತದೆ. 13.5 ಗುಣಿಸು 58: 0.78 ಲೀಟರ್. ಸರಿಯಾಗಿ 5 ಲೀಟರ್ ಇದ್ದಾಗ ಈ ದೋಣಿಯ ಕಡ್ಡಿ ಕೆಳಗೆರೆಗಿಂತ 4.5 ಮಿ.ಮೀ. ಮೇಲೆ ತೋರಿಸಬೇಕು. ಮೊದಲ 50 ಗಂಟೆ ಅದು ತೋರಿಸಿದ್ದೂ ಹಾಗೆಯೇ. ಎರಡು ಗೆರೆಗಳ ನಡುವೆ ಇದೆಯಲ್ಲ ಎಂದು ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಬದಲಾವಣೆಯ ದಿನ ಮೇಲ್ಗೆರೆಯವರೆಗೆ ತುಂಬಿದ್ದರಿಂದ ಆ 0.78 ಲೀಟರ್ ಅಷ್ಟೂ ಹೆಚ್ಚುವರಿಯಾಯಿತು.

ಮುಕ್ಕಾಲು ಲೀಟರಿಗೆ ಇಷ್ಟು ರಂಪ ಏಕೆ ಎಂದರೆ, ಮತ್ತೆ ಓರೆಯೇ ಕಾರಣ. ಹಿಂದಿನ ಸಿಲಿಂಡರಿನ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡಿನ ತುದಿ ತಿರುಗುತ್ತ ಕೆಳಗಿಳಿದಾಗ, ಫುಲ್ ಎಣ್ಣೆಯ ಮಟ್ಟಕ್ಕೂ ಅದಕ್ಕೂ ಸುಮಾರು 20 ಮಿ.ಮೀ. ಸಂದು. ಅದರ ಜಾಗ ನಡುವಿನಿಂದ 100 ಮಿ.ಮೀ. ಹಿಂದೆ, ಅಲ್ಲಿ ಓರೆಯಿಂದಲೇ ಎಣ್ಣೆ 12 ಮಿ.ಮೀ. ಏರಿರುತ್ತದೆ. ಅಷ್ಟಾದರೂ ಸಂದು ಉಳಿಯುತ್ತದೆ. ಹೆಚ್ಚುವರಿಯ 13.5 ಸೇರಿದಾಗ 25 ದಾಟಿತು, ರಾಡು ಪ್ರತಿ ಸುತ್ತಿಗೂ ಎಣ್ಣೆಯನ್ನು ಬಡಿಯತೊಡಗಿತು. ಮಜ್ಜಿಗೆ ಕಡೆದ ಹಾಗೆ ಗಾಳಿ ಸೇರಿ ನೊರೆ ಎದ್ದಿತು. ನೊರೆಯನ್ನು ಎಳೆದ ಆಯಿಲ್ ಪಂಪಿಗೆ ಒತ್ತಡ ನಿಲ್ಲಲಿಲ್ಲ, ಮುಳ್ಳು ನಡುಗಿತು. ಸಿಲಿಂಡರಿನ ಗೋಡೆಗೆ ಎರಚಿದ ಎಣ್ಣೆಯನ್ನು ರಿಂಗುಗಳಿಗೆ ಪೂರ್ತಿ ಬಾಚಲು ಆಗಲಿಲ್ಲ, ನೀಲಿ ಹೊಗೆ ಬಂತು. ಉಳಿದದ್ದು ಮಂಜಾಗಿ ಬ್ರೀದರಿಗೆ ಹೋಯಿತು.

ಸರಿಮಾಡಿದ ಕ್ರಮ

ಮೊದಲು ದೋಣಿಯನ್ನು ದಡಕ್ಕೆ ಎರಡೂ ಕಡೆ ಬಿಗಿದು ಕಟ್ಟಿ, ಅರ್ಧ ವೇಗಕ್ಕಿಂತ ಕಡಿಮೆಯಲ್ಲಿ, ಪ್ರೆಶರ್ ಮುಳ್ಳಿನ ಮೇಲೆ ಕಣ್ಣಿಟ್ಟು, ಹತ್ತು ನಿಮಿಷ ಮಾತ್ರ ಓಡಿಸಲಾಯಿತು. ಮಾಮೂಲಿ ಬದಲಾವಣೆಗೆ ಹದಿನೈದು ಇಪ್ಪತ್ತು ನಿಮಿಷ ಬೇಕು. ಎಣ್ಣೆ ಹೆಚ್ಚಿರುವ ಎಂಜಿನ್ನಿಗೆ ಅಷ್ಟು ಒಳ್ಳೆಯದಲ್ಲ. ಆಮೇಲೆ ಟ್ರೇಲರಿನ ಮೇಲೆ ಹೊರಕ್ಕೆ. ಕ್ರಮ ತಿರುಗಿಸುವಂತಿಲ್ಲ. ಕೆರೆ ನೀರಿನಿಂದ ತಣಿಯುವ ಎಂಜಿನ್ನನ್ನು ದಡದ ಮೇಲೆ ನೀರಿಲ್ಲದೆ ಓಡಿಸಿದರೆ ನೀರಿನ ಪಂಪಿನೊಳಗಿನ ರಬ್ಬರ್ ರೆಕ್ಕೆಗಾಲಿ (ಇಂಪೆಲ್ಲರ್) ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ.

ಮುಂದಿನದು ಈ ಇಡೀ ಕೆಲಸದ ಜಾಣ ಭಾಗ. ಟ್ರೇಲರನ್ನು ಸಮತಟ್ಟು ನೆಲಕ್ಕೆ ತಂದು, ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ದೋಣಿಯನ್ನು ಟ್ರೇಲರಿಗೆ ಬೆಲ್ಟಿನಿಂದ ಬಿಗಿದು, ಗಾಡಿಯಿಂದ ಬಿಡಿಸಿದ ಮೂತಿಯನ್ನು ನಿಧಾನಕ್ಕೆ ನೆಲಕ್ಕೆ ಇಳಿಸಿದರು. ಕೊಂಡಿಯ ಎತ್ತರ 45 ಸೆಂ.ಮೀ., ಕೊಂಡಿಯಿಂದ ಅಚ್ಚಿಗೆ 3.6 ಮೀಟರ್. ಹಾಗೆ ಇಳಿಸಿದರೆ ದೋಣಿ ಮುಂದಕ್ಕೆ 7 ಡಿಗ್ರಿ ಬಾಗುತ್ತದೆ, ಎಂಜಿನ್ನಿನ ಓರೆಗೆ ಸರಿಸಮ. ವಾಲ್ವ್ ಕವರಿನ ಚಪ್ಪಟೆ ಅಂಚಿನ ಮೇಲೆ ಮೇಸ್ತ್ರಿಯ ರಸಮಟ್ಟ ಇಟ್ಟಾಗ ಗುಳ್ಳೆ ನಡುವೆ ನಿಂತಿತು. ದೋಣಿ ಇಳಿಸುವ ಇಳಿಜಾರಿನ ಮೇಲೇ ಟ್ರೇಲರ್ ನಿಲ್ಲಿಸಿ ಈ ಕೆಲಸ ಮಾಡಬಾರದು. ಅಲ್ಲಿ ದೋಣಿಯ ಹಿಂಬದಿ ಇನ್ನಷ್ಟು ತಗ್ಗಾಗಿರುತ್ತದೆ.

ಟ್ಯೂಬಿನ ತುದಿಯನ್ನು ಈ ಸಲ ಓರೆಯಾಗಿ ಕತ್ತರಿಸಿದರು. ನೇರ ಕತ್ತರಿಸಿದ ತುದಿ ತಳಕ್ಕೆ ಅಂಟಿ ಬಾಯಿ ಮುಚ್ಚಿಕೊಳ್ಳುತ್ತದೆ, ಆ ಭಯಕ್ಕೇ ಜನ ಮೇಲೆತ್ತಿ ಹಿಡಿಯುವುದು. ಕಡ್ಡಿಯ ಉದ್ದವನ್ನು ಟ್ಯೂಬಿನ ಪಕ್ಕ ಹಿಡಿದು ಟೇಪು ಸುತ್ತಿ ಗುರುತು ಮಾಡಿಕೊಂಡರೆ, ಟ್ಯೂಬು ಒಳಗೆ ಎಲ್ಲೋ ಸುರುಳಿಯಾಗಿದೆಯೋ ತಳ ಮುಟ್ಟಿದೆಯೋ ತಿಳಿಯುತ್ತದೆ. ಪಂಪಿನಿಂದ ಬಹುಪಾಲು ಬಂದ ಮೇಲೆ ಡ್ರೈನ್ ಬೋಲ್ಟ್ ಬಿಚ್ಚಲಾಯಿತು. 45 ಮಿ.ಮೀ. ಸಂದಿಗೆ ತಟ್ಟೆ ಎಲ್ಲಿಂದ ತರುವುದು? 5 ಲೀಟರಿನ ಖಾಲಿ ಆಯಿಲ್ ಕ್ಯಾನನ್ನು ಮಲಗಿಸಿ, ಅಗಲದ ಒಂದು ಮಗ್ಗುಲನ್ನು ಕೊಯ್ದು ತೆಗೆದು, ಅಂಚನ್ನು 4 ಸೆಂ.ಮೀ.ಗೆ ಇಳಿಸಿದರೆ ಅದೇ ತಟ್ಟೆ. ಕ್ಯಾನಿನ ಬಾಯಿ ಒಂದು ಮೂಲೆಯಲ್ಲಿ ಉಳಿದಿರುವುದರಿಂದ ಆಮೇಲೆ ಚೆಲ್ಲದೆ ಬಗ್ಗಿಸಲೂ ಬರುತ್ತದೆ.

ಹೊರಬಂದದ್ದು ಫಿಲ್ಟರ್ ಸೇರಿ 5.5 ಲೀಟರ್. 5.8ಕ್ಕೆ ಉಳಿದ ಕಾಲು ಲೀಟರ್ ಚಿಲ್ಲರೆ ಹೊಗೆಯಾಗಿ, ಏರ್ ಫಿಲ್ಟರಿಗೆ, ದೋಣಿಯ ತಳಕ್ಕೆ ಹೋಗಿತ್ತು. ಲೆಕ್ಕ ಕೂಡಿತು, ಹೆಡ್ ಎತ್ತುವ ಮಾತು ಅಲ್ಲಿಗೆ ನಿಂತಿತು. ಅಳೆಯುವಾಗ ಒಂದು ಸಣ್ಣ ತಿದ್ದುಪಡಿ ಇದೆ: 70 ಡಿಗ್ರಿಯ ಐದು ಲೀಟರ್ ಎಣ್ಣೆ ತಣಿದು 25ಕ್ಕೆ ಬಂದಾಗ ಸುಮಾರು 150 ಮಿ.ಲೀ. ಕುಗ್ಗುತ್ತದೆ. ತಣಿದ ಮೇಲೇ ಅಳೆಯಿರಿ, ಇಲ್ಲವಾದರೆ ಇಲ್ಲದ ಎಣ್ಣೆಯನ್ನು ಲೆಕ್ಕಕ್ಕೆ ಹಿಡಿದಂತಾಗುತ್ತದೆ.

ಫಿಲ್ಟರ್ ವಿಷಯದಲ್ಲಿ ಮೂರು ಮಾತು. ಒಂದು, ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಬೇಕು. 20 ಮಿ.ಮೀ. ಮೆಟ್ರಿಕ್ ಥ್ರೆಡ್ಡಿನ ಫಿಲ್ಟರೂ ಮುಕ್ಕಾಲು ಇಂಚಿನ ಥ್ರೆಡ್ಡಿನದೂ ನೋಡಲು ಅವಳಿ. ಮುಕ್ಕಾಲು ಇಂಚು ಎಂದರೆ 19.05 ಮಿ.ಮೀ., ಆದ್ದರಿಂದ ಮೆಟ್ರಿಕ್ ಫಿಲ್ಟರ್ ಇಂಚಿನ ಸ್ಟಡ್ಡಿಗೆ ಸಡಿಲವಾಗಿ ಹತ್ತಿಯೂ ಹತ್ತುತ್ತದೆ, ಒತ್ತಡ ಏರಿದಾಗ ಕಳಚಿಯೂ ಬೀಳುತ್ತದೆ. ಎರಡು, ಹಳೆ ಫಿಲ್ಟರಿನ ರಬ್ಬರ್ ಉಂಗುರ ಅದರ ಜೊತೆಗೇ ಬಂತೇ ನೋಡಬೇಕು. ಎಂಜಿನ್ನಿಗೆ ಅಂಟಿ ಉಳಿದರೆ ಹೊಸ ಉಂಗುರ ಅದರ ಮೇಲೆ ಕೂರುತ್ತದೆ. ಸ್ಟಾರ್ಟ್ ಮಾಡಿದ ಕೆಲವೇ ಸೆಕೆಂಡುಗಳಲ್ಲಿ ಎಣ್ಣೆಯೆಲ್ಲ ದೋಣಿಯ ತಳದಲ್ಲಿ. ಮೂರು, ಈ ಎಂಜಿನ್ನಿನಲ್ಲಿ ಫಿಲ್ಟರ್ ಅಡ್ಡಡ್ಡ ಕೂರುವುದರಿಂದ ಬಿಚ್ಚುವಾಗ ಚೆಲ್ಲದೆ ಇರದು. ದಪ್ಪ ಪ್ಲಾಸ್ಟಿಕ್ ಕವರನ್ನು ಮೊದಲೇ ಫಿಲ್ಟರಿಗೆ ಹೊದಿಸಿ ಅದರೊಳಗೇ ಬಿಚ್ಚಿದರೆ ಎಲ್ಲ ಕವರಿನಲ್ಲೇ ಉಳಿಯುತ್ತದೆ. ಹೊಸದರ ಉಂಗುರಕ್ಕೆ ಬೆರಳಿನಿಂದ ಎಣ್ಣೆ ಸವರಿ, ಮುಟ್ಟಿದ ಮೇಲೆ ಮುಕ್ಕಾಲು ಸುತ್ತು, ಕೈಯಿಂದಲೇ. ಪಾನಾ ಹಾಕಿ ಬಿಗಿದವರು ಮುಂದಿನ ಸಲ ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸುತ್ತಾರೆ.

ಡ್ರೈನ್ ಬೋಲ್ಟಿನ ಜಾಗಕ್ಕೆ ಕಾಯಂ ಆಗಿ ಒಂದು ಮೊಣಕೈ ಜೋಡಣೆ, ಎಣ್ಣೆ ತಡೆಯುವ ಹೋಸ್, ತುದಿಗೆ ಬಾಲ್ ವಾಲ್ವ್, ಅದರ ಬಾಯಿಗೆ ಹಿತ್ತಾಳೆ ಮುಚ್ಚಳ ಹಾಕಿಸಲಾಯಿತು. ಡ್ರೈನ್ ತೂತು ಹಿಂದಿನ ತಗ್ಗಿನಲ್ಲೇ ಇರುವುದರಿಂದ, ದೋಣಿ ನೀರಿನಲ್ಲಿದ್ದಾಗಲೂ ಓರೆ ಈಗ ಅನುಕೂಲವೇ. ತಾಮ್ರದ ವಾಷರ್ ಹೊಸದು. ವಾಲ್ವ್ ಒಂದನ್ನೇ ನಂಬಬೇಡಿ, ಮುಚ್ಚಳ ಇರಲೇಬೇಕು; ಕಾಲು ತಾಗಿ ವಾಲ್ವ್ ತೆರೆದುಕೊಂಡರೆ ಎಂಜಿನ್ನೂ ಹೋಯಿತು, ಕೆರೆಯೂ ಕೊಳೆಯಿತು.

ಹೊಸ ಎಣ್ಣೆಯನ್ನು ಅಳತೆಯಿಂದ ಹಾಕಿದರು, ಕಡ್ಡಿ ನೋಡಿ ಅಲ್ಲ. ಮೊದಲು 4.5 ಲೀಟರ್, ಎರಡು ನಿಮಿಷ ಓಡಿಸಿ ಫಿಲ್ಟರ್ ತುಂಬಿಸಿದ್ದು ದೋಣಿಯನ್ನು ನೀರಿಗಿಳಿಸಿದ ಮೇಲೆ, ಆರಿಸಿ ಹತ್ತು ನಿಮಿಷ ಬಿಟ್ಟು ಉಳಿದ ಅರ್ಧ. ಆಮೇಲೆ ಖಾಲಿ ದೋಣಿ ನಿಶ್ಚಲವಾಗಿ ತೇಲುವಾಗ ಕಡ್ಡಿ ಎಳೆದು ನೋಡಿದರು: ಕೆಳಗೆರೆಗಿಂತ 4 ಮಿ.ಮೀ. ಚಿಲ್ಲರೆ ಮೇಲೆ. ಅಲ್ಲಿ ಅರದಿಂದ ಕಡ್ಡಿಯ ಅಂಚಿಗೆ ಸಣ್ಣ ಕಚ್ಚು. ಇನ್ನು ಈ ದೋಣಿಗೆ ಫುಲ್ ಅಂದರೆ ಅದು. ಹಳೆಯ ಮೇಲ್ಗೆರೆಯ ಮೇಲೆ ಅಡ್ಡ ಗೀರು ಎಳೆದರು, ಹೊಸಬರು ಬಂದು ಅಲ್ಲಿಯವರೆಗೆ ತುಂಬಬಾರದು. ಕಚ್ಚಿನಿಂದ 8 ಮಿ.ಮೀ. ಇಳಿದರೆ ಅರ್ಧ ಲೀಟರ್ ಸೇರಿಸಬೇಕು. ಕುಂಟೆಯ ಮೇಲೆ ಕಳೆ ಹೇರಿಕೊಂಡಾಗ ಮೂತಿ 2 ಡಿಗ್ರಿ ತಗ್ಗಿದರೂ ಮಟ್ಟ 4 ಮಿ.ಮೀ. ಹೆಚ್ಚು ತೋರಿಸುತ್ತದೆ, ಆದ್ದರಿಂದ ನೋಡುವುದು ಯಾವಾಗಲೂ ಬೆಳಗ್ಗೆ, ಖಾಲಿ ದೋಣಿಯಲ್ಲಿ.

ತಳದ ಎಣ್ಣೆ, ಹಳೆ ಎಣ್ಣೆ

ದೋಣಿಯ ತಳಕ್ಕೆ ಸೋಪಿನ ಪುಡಿ ಹಾಕಿ ತೊಳೆದು ಪಂಪಿನಿಂದ ಹೊರಬಿಡಬಾರದು. ಸೋಪು ಎಣ್ಣೆಯನ್ನು ಮಾಯ ಮಾಡುವುದಿಲ್ಲ, ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ಬೆರೆಸುತ್ತದೆ, ಅಷ್ಟೆ. ಪೊರೆ ಕಾಣುವುದಿಲ್ಲ, ಎಣ್ಣೆ ಇರುತ್ತದೆ. ಸೋಪಿನ ನೀರು ಸೇರಿದ ಕೆರೆ ಏನಾಗುತ್ತದೆ ಎಂದು ಬೆಳ್ಳಂದೂರಿನ ನೊರೆ ಕಂಡ ಊರಿಗೆ ಬಿಡಿಸಿ ಹೇಳಬೇಕಿಲ್ಲ. ಎಣ್ಣೆಯನ್ನು ಮಾತ್ರ ಹೀರಿ ನೀರನ್ನು ಬಿಡುವ ಪಾಲಿಪ್ರೊಪಿಲೀನ್ ಹಾಸು ಸಿಕ್ಕರೆ ಅದು ಒಳ್ಳೆಯದು. ಇಲ್ಲಿ ಮೊದಲು ಬನಿಯನ್ ವೇಸ್ಟ್ ಬಟ್ಟೆ, ಆಮೇಲೆ ಮರದ ಹೊಟ್ಟು ಬಳಸಿದರು. ಎಣ್ಣೆ ಬೆರೆತ ನೀರನ್ನು ಕೈಪಂಪಿನಿಂದ ಎತ್ತಿ ಬೇರೆ ಕ್ಯಾನಿಗೆ ತುಂಬಿದರು. ನೀರಿನ ಮೇಲಿನ ಪೊರೆಯನ್ನು ಕಳೆಯ ರಾಶಿಯೇ ಅಷ್ಟಿಷ್ಟು ತಡೆದಿತ್ತು. ಆ ಭಾಗದ ಕಳೆಯನ್ನು ಗೊಬ್ಬರದ ಗುಂಡಿಗೆ ಕಳಿಸದೆ ಬೇರೆ ಇಟ್ಟದ್ದು ಒಳ್ಳೆಯ ಬುದ್ಧಿ.

ಹಳೆ ಎಂಜಿನ್ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿದೆ. ಕಟ್ಟಡ ಕೆಲಸದವರು ಸೆಂಟ್ರಿಂಗ್ ಹಲಗೆಗೆ ಹಚ್ಚಲು ಕೇಳಿಕೊಂಡು ಬರುತ್ತಾರೆ, ಗುಜರಿಯವರೂ ಬರುತ್ತಾರೆ, ಕೊಡಬಾರದು. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಬಳಕೆದಾರರಿಗೆ, ಅಥವಾ ಅವರಿಗೆ ಒಪ್ಪಿಸುವ ಸರ್ವಿಸ್ ಸ್ಟೇಷನ್ನಿಗೆ ಹೋಗಬೇಕು. ನೀರು, ಡೀಸೆಲ್, ಕೂಲೆಂಟ್ ಬೆರೆಸಿದರೆ ಅವರು ತೆಗೆದುಕೊಳ್ಳಲು ಹಿಂಜರಿಯುತ್ತಾರೆ. ತಳದ ನೀರಿನ ಕ್ಯಾನ್ ಬೇರೆ, ಎಣ್ಣೆಯ ಕ್ಯಾನ್ ಬೇರೆ.

ಮುಂದಿನ ಬದಲಾವಣೆಯನ್ನು 150 ಗಂಟೆಗೆ, ಗಂಟೆ ತುಂಬದಿದ್ದರೂ ವರ್ಷಕ್ಕೊಮ್ಮೆ ಎಂದು ಗೊತ್ತುಮಾಡಿದರು. ಗಂಧಕ ಹೆಚ್ಚಿದ್ದ ಹಳೆ ಡೀಸೆಲ್ಲಿನ ಕಾಲದಲ್ಲಿ ಎಣ್ಣೆ ಬೇಗ ಹುಳಿಯಾಗುತ್ತಿತ್ತು. 2020ರ ಏಪ್ರಿಲ್‌ನಿಂದ ದೇಶವಿಡೀ ಬಿಎಸ್-6 ಡೀಸೆಲ್, ಗಂಧಕ 10 ಪಿಪಿಎಂ (ಹತ್ತು ಲಕ್ಷಕ್ಕೆ ಹತ್ತು ಭಾಗ) ಮೀರುವಂತಿಲ್ಲ. ಆ ಲೆಕ್ಕಕ್ಕೆ 200 ಗಂಟೆಯೂ ನಡೆದೀತು. ಆದರೆ ಈ ದೋಣಿ ಕಡಿಮೆ ವೇಗದಲ್ಲಿ ಹೆಚ್ಚು ಭಾರ ತಳ್ಳುತ್ತದೆ, ಮಸಿ ಹೆಚ್ಚು, ನೀರೆಳೆಯುವ ಜಾಲರಿಗೆ ಕಳೆ ಸಿಕ್ಕಿ ಆಗಾಗ ಬಿಸಿಯೇರುತ್ತದೆ. 150 ಸಾಕು.

ಇಪ್ಪತ್ತು ಗಂಟೆ ಕೆಲಸದ ಮೇಲೆ ಕಡ್ಡಿ ಕಚ್ಚಿಗಿಂತ 1 ಮಿ.ಮೀ. ಕೆಳಗಿತ್ತು. ಭಾರ ಬಿದ್ದಾಗ ಹೊಗೆ ಮೊದಲಿನ ಹಾಗೆ ತುಸು ಕಪ್ಪು. ಎಂಜಿನ್ ಮುಚ್ಚಳದ ಒಳಬದಿಗೆ ಈಗ ಒಂದು ತಗಡಿನ ಪಟ್ಟಿ ಇದೆ, ಬಣ್ಣದಲ್ಲಿ ಬರೆದದ್ದು: ‘ಹೊರಬಂದದ್ದು __ ಲೀ. ಹಾಕಿದ್ದು __ ಲೀ. ಗೇರ್‌ಬಾಕ್ಸ್ ಆಯಿಲ್ ಬೇರೆ, ಕಡ್ಡಿ ಬೇರೆ.’